ಮೊದಲ ಐಷಾರಾಮಿ ಸೆಡಾನ್: ಜಿಎಸ್‌ಟಿ ಇಳಿದ ಮೇಲೆ ನಮ್ಮ ಜಿಲ್ಲೆಗಳ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯ ಕುರಿತು ನಡೆದ ಚರ್ಚೆಯ ಬಹುಪಾಲು ಚಿಕ್ಕ ಕಾರುಗಳ ಸುತ್ತಲೇ ಇತ್ತು. ನಾಲ್ಕು ಮೀಟರ್ ಒಳಗಿನ ಚಿಕ್ಕ ಕಾರಿನ ತೆರಿಗೆ ಶೇ. 18ಕ್ಕೆ ಇಳಿದದ್ದು ಸುದ್ದಿಯಾಯಿತು. ದೊಡ್ಡ ಕಾರುಗಳ ಮೇಲಿದ್ದ ಪರಿಹಾರ ಸೆಸ್ ರದ್ದಾಗಿ, ಅವೆಲ್ಲವೂ ಶೇ. 40ರ ಒಂದೇ ದರದಡಿ ಬಂದದ್ದು ಅಷ್ಟಾಗಿ ಚರ್ಚೆಯಾಗಲಿಲ್ಲ. ಆದರೆ ಸೇಲಂನ ಸಬ್ಬಕ್ಕಿ ಕಾರ್ಖಾನೆ, ಧರ್ಮಪುರಿಯ ರೇಷ್ಮೆಗೂಡು, ಮಾವಿನ ತಿರುಳು, ಲಾರಿ ಸಾಗಣೆ ಮೊದಲಾದ ಉದ್ಯಮಗಳಲ್ಲಿ ಒಂದು ತಲೆಮಾರು ದುಡಿದು ನೆಲೆಯೂರಿದ ಕುಟುಂಬಗಳಲ್ಲಿ ಈಗ ಕೇಳಿಬರುವ ಪ್ರಶ್ನೆ ಈ ಎರಡನೆಯ ಬದಲಾವಣೆಗೇ ಸಂಬಂಧಿಸಿದ್ದು. ಐವತ್ತು ಲಕ್ಷದ ಆಸುಪಾಸಿನ ಸೆಡಾನ್ ಕೊಳ್ಳಲು ಇದು ಸಕಾಲವೇ?

ಶೋರೂಂನ ಜಾಹೀರಾತು ಹೌದೆನ್ನುತ್ತದೆ. ಲೆಕ್ಕ ಹಾಕಿ ನೋಡಿದರೆ ಉತ್ತರ ಅಷ್ಟು ನೇರವಾಗಿಲ್ಲ.

ಕಾರೊಂದರ ಮೂಲಬೆಲೆ 34 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 40ರ ಜಿಎಸ್‌ಟಿ ಎಂದರೆ 13.60 ಲಕ್ಷ, ಅಲ್ಲಿಗೆ ಶೋರೂಂ ಬೆಲೆ 47.60 ಲಕ್ಷ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ತಮಿಳುನಾಡು ವಿಧಿಸುವ ಜೀವಿತಾವಧಿ ತೆರಿಗೆ ಶೇ. 20. ಅದು 9.52 ಲಕ್ಷ. ವಿಮೆಯನ್ನು ಸೇರಿಸುವ ಮೊದಲೇ ಒಟ್ಟು 57.12 ಲಕ್ಷವಾಯಿತು. ಇದರಲ್ಲಿ 23 ಲಕ್ಷಕ್ಕೂ ಹೆಚ್ಚು ತೆರಿಗೆಯೇ, ಮೂಲಬೆಲೆಯ ಶೇ. 68 ಭಾಗ. ತೆರಿಗೆಯ ಮೇಲೆ ತೆರಿಗೆ ಬೀಳುವ ಈ ಕ್ರಮವೇ ಬೆಲೆಯ ನಿಜವಾದ ಗುಟ್ಟು.

ಹಳೆಯ ದರದೊಂದಿಗೆ ಹೋಲಿಸೋಣ. 1500 ಸಿಸಿ ಮೀರಿದ ಎಂಜಿನ್‌ನ ಸೆಡಾನ್‌ಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 48 ತೆರಿಗೆಯಿತ್ತು. ಆ ಲೆಕ್ಕದಲ್ಲಿ ಇದೇ ಕಾರು ರಸ್ತೆಗಿಳಿಯಲು ಸುಮಾರು 60.38 ಲಕ್ಷ ಬೇಕಿತ್ತು. ಮೂರು ಲಕ್ಷದಷ್ಟು ಉಳಿಯಿತು ಎಂಬುದು ನಿಜ. ಆದರೆ ಇನ್ನೊಂದು ದಿನಾಂಕವನ್ನು ಜನ ಮರೆತಿದ್ದಾರೆ. 2023ರ ನವೆಂಬರ್‌ವರೆಗೆ ಇಂಥ ಕಾರುಗಳಿಗೆ ತಮಿಳುನಾಡಿನ ಜೀವಿತಾವಧಿ ತೆರಿಗೆ ಶೇ. 15 ಮಾತ್ರ ಇತ್ತು. ಅಂದಿನ ಎರಡೂ ದರಗಳನ್ನು ಸೇರಿಸಿದರೆ ಇದೇ ಕಾರು 57.87 ಲಕ್ಷಕ್ಕೆ ಸಿಗುತ್ತಿತ್ತು. ಕೇಂದ್ರ ಕೊಟ್ಟ ರಿಯಾಯಿತಿಯ ಬಹುಭಾಗವನ್ನು ರಾಜ್ಯ ಎರಡು ವರ್ಷ ಮೊದಲೇ ಪಡೆದುಕೊಂಡಿತ್ತು ಎಂದರ್ಥ. ಹೈಬ್ರಿಡ್ ಸೆಡಾನ್‌ಗಳ ಸ್ಥಿತಿ ಇನ್ನೂ ವಿಚಿತ್ರವಾದುದು. ಅವುಗಳ ಹಳೆಯ ತೆರಿಗೆ ಶೇ. 43 ಆಗಿದ್ದುದರಿಂದ ಈಗಿನ ಇಳಿಕೆ ಬೆಲೆಯ ಶೇ. 2ರಷ್ಟೇ. ಮೂಲಬೆಲೆ ಬದಲಾಗಲಿಲ್ಲವೆಂದು ಭಾವಿಸಿದರೂ, 2023ರ ಆರಂಭಕ್ಕಿಂತ ಇಂದು ಅಂಥ ಕಾರಿಗೆ ಒಂದು ಲಕ್ಷಕ್ಕೂ ಮಿಗಿಲು ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದ "ಈಗಲೇ ಕೊಳ್ಳದಿದ್ದರೆ ಅವಕಾಶ ತಪ್ಪೀತು" ಎಂಬ ಆತುರಕ್ಕೆ ಆಧಾರವಿಲ್ಲ.

ಇಲ್ಲಿ ಗಡಿಯ ಪ್ರಶ್ನೆ ಏಳುತ್ತದೆ. ನಮ್ಮ ಕುಟುಂಬಗಳಲ್ಲಿ ಹಲವರಿಗೆ ಬೆಂಗಳೂರಿನಲ್ಲಿ ಬಂಧುಗಳಿದ್ದಾರೆ. ಅಲ್ಲಿನ ಶೋರೂಂನಲ್ಲಿ ಕನ್ನಡದಲ್ಲಿ ಮಾತಾಡಿ ಚೌಕಾಸಿ ಮಾಡುವ ಅನುಕೂಲವೂ ಸಣ್ಣದಲ್ಲ. ಕಾರನ್ನು ಅಲ್ಲಿ ಕೊಂಡು, ತಾತ್ಕಾಲಿಕ ನೋಂದಣಿಯಲ್ಲಿ ತಂದು, ಇಲ್ಲಿಯೇ ಶಾಶ್ವತ ನೋಂದಣಿ ಮಾಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಬಂಧುಗಳ ವಿಳಾಸದಲ್ಲಿ ಕರ್ನಾಟಕದ ಸಂಖ್ಯೆ ಪಡೆದು ಧರ್ಮಪುರಿಯಲ್ಲಿ ಓಡಿಸುವ ಸಲಹೆಯನ್ನು ಮಧ್ಯವರ್ತಿಗಳು ಈಗಲೂ ಕೊಡುತ್ತಾರೆ. ಇದು ಕಾನೂನಿಗೂ ಹೊಂದುವುದಿಲ್ಲ, ಲಾಭವೂ ಇಲ್ಲ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿನ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11ರ ಸೆಸ್. ಕೂಡಿಸಿದರೆ ಹತ್ತಿರಹತ್ತಿರ ಶೇ. 20! ಗಡಿಯ ಎರಡೂ ಬದಿಯಲ್ಲಿ ಹೊರೆ ಒಂದೇ. ವಾಹನವನ್ನು ಸಾಮಾನ್ಯವಾಗಿ ಎಲ್ಲಿ ಇರಿಸಲಾಗುತ್ತದೆಯೋ ಅಲ್ಲಿಯೇ ನೋಂದಾಯಿಸಬೇಕು ಎಂಬುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರಿಸಿಕೊಂಡರೆ ಹೊಸ ಸಂಖ್ಯೆಗೆ ಅರ್ಜಿ ಹಾಕಲೇಬೇಕು. ಸುಳ್ಳು ವಿಳಾಸವು ಅಪಘಾತದ ಬಳಿಕ ವಿಮೆಯವರ ತಕರಾರಿಗೂ ದಾರಿಯಾದೀತು.

ಬಳಸಿದ ಕಾರನ್ನು ಬೆಂಗಳೂರಿನಿಂದ ತರುವವರಿಗೆ ಈ ನಿಯಮ ಇನ್ನೂ ಮುಖ್ಯವಾದುದು. ಜರ್ಮನ್ ಸೆಡಾನ್‌ಗಳು ನಾಲ್ಕೈದು ವರ್ಷಗಳಲ್ಲಿ ಸುಮಾರು ಅರ್ಧ ಬೆಲೆಗೆ ಇಳಿಯುತ್ತವೆ. ಮೇಲೆ ಹೇಳಿದ ತೆರಿಗೆಯನ್ನೆಲ್ಲ ಮೊದಲ ಮಾಲೀಕರು ಕಟ್ಟಿರುತ್ತಾರೆ. ಆ ದೃಷ್ಟಿಯಿಂದ ಎರಡನೆಯ ಮಾಲೀಕರಾಗುವುದು ಜಾಣತನವೇ ಸರಿ. ಆದರೆ ಕರ್ನಾಟಕದ ಎನ್‌ಒಸಿ ಪಡೆದು ಇಲ್ಲಿ ಮರುನೋಂದಣಿ ಮಾಡಿಸುವಾಗ, ಕಾರಿನ ವಯಸ್ಸಿಗೆ ತಕ್ಕಂತೆ ತಮಿಳುನಾಡಿನ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಈ ಮೊತ್ತ ಕೆಲವೊಮ್ಮೆ ಹಲವು ಲಕ್ಷಗಳಾಗುವುದರಿಂದ ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ಲೆಕ್ಕ ಕೇಳಿಕೊಳ್ಳುವುದು ಲೇಸು. ತಮಿಳುನಾಡಿನಲ್ಲೇ ನೋಂದಣಿಯಾದ ಬಳಸಿದ ಕಾರು ಐವತ್ತು ಸಾವಿರ ಹೆಚ್ಚು ಎನಿಸಿದರೂ ಕೊನೆಯಲ್ಲಿ ಅಗ್ಗವಾಗುವುದುಂಟು. ಕಾರು 2023ರ ಏಪ್ರಿಲ್‌ಗೆ ಮುನ್ನ ತಯಾರಾದದ್ದಾದರೆ, ಶೇ. 20 ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಅದು ಹೊಂದುವುದೇ ಎಂದು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು.

ನಿರ್ವಹಣೆಯ ಮಾತಿಗೆ ಬಂದರೆ ದೂರವೇ ದೊಡ್ಡ ವೆಚ್ಚ. ಧರ್ಮಪುರಿಯಿಂದ ಬೆಂಗಳೂರಿಗೆ ಸುಮಾರು 130 ಕಿಲೋಮೀಟರ್. ಸೇಲಂನಿಂದ ಕೊಯಮತ್ತೂರಿಗೆ 160ಕ್ಕೂ ಹೆಚ್ಚು. ಜರ್ಮನ್ ಕಾರಿನಲ್ಲಿ ಗಂಭೀರ ದೋಷ ಕಾಣಿಸಿಕೊಂಡಾಗ ಅದನ್ನು ಸರಿಪಡಿಸಬಲ್ಲ ಪೂರ್ಣಪ್ರಮಾಣದ ಕಾರ್ಯಾಗಾರ ಇಂಥ ಮಹಾನಗರದಲ್ಲೇ ಇರುತ್ತದೆ. ಕಾರನ್ನು ಟ್ರಕ್ಕಿಗೇರಿಸಿ ಕಳಿಸಬೇಕು, ಬಿಡಿಭಾಗಕ್ಕೆ ಕಾಯಬೇಕು, ಅಷ್ಟು ದಿನ ಮನೆಯಲ್ಲಿ ಬೇರೆ ವಾಹನವಿರಬೇಕು. ಟಯರಿನ ವಿಷಯವೂ ಹಾಗೆಯೇ. ಬಿಎಂಡಬ್ಲ್ಯು ಮೊದಲಾದವು ಬಳಸುವ ರನ್‌ಫ್ಲ್ಯಾಟ್ ಟಯರ್ ಗಾಳಿ ಹೋದ ಮೇಲೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡುತ್ತದೆ. ಧರ್ಮಪುರಿಯಿಂದ ಸೇಲಂ ತಲುಪಲು ಅದು ಸಾಕು. ಆದರೆ ಪೆನ್ನಾಗರದ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಹಲವು ಸಲ ಹೊಸ ಟಯರೇ ಬೇಕಾಗುತ್ತದೆ. ಕಂಪನಿಯ ಖಾತರಿ ಮುಗಿದ ನಂತರ ವಿಸ್ತರಿತ ಖಾತರಿಯಿಲ್ಲದೆ ಇಂಥ ಕಾರನ್ನು ಇರಿಸಿಕೊಳ್ಳುವುದು ಧೈರ್ಯದ ಕೆಲಸ.

ಈ ಕಾರಣಕ್ಕಾಗಿಯೇ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿ ಗಮನಾರ್ಹವೆನಿಸುತ್ತದೆ. 2024ರ ಡಿಸೆಂಬರ್‌ನಲ್ಲಿ 48 ಲಕ್ಷ ರೂಪಾಯಿಗೆ ಬಂದ ಈಗಿನ ಮಾದರಿಯಲ್ಲಿ 2.5 ಲೀಟರ್ ಹೈಬ್ರಿಡ್ ಎಂಜಿನ್ ಇದೆ. ಅಧಿಕೃತ ಇಂಧನ ದಕ್ಷತೆ ಲೀಟರಿಗೆ 25.49 ಕಿಲೋಮೀಟರ್. ರಸ್ತೆಯಲ್ಲಿ ಅಷ್ಟು ಬರುವುದಿಲ್ಲವಾದರೂ ಪೆಟ್ರೋಲ್ ಸೆಡಾನ್‌ಗಳಿಗಿಂತ ಬಹಳ ಮುಂದಿದೆ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಖಾತರಿಯಿದೆ. ಸೇವೆ ಸೇಲಂನಲ್ಲೇ ದೊರೆಯುತ್ತದೆ. ಮದುವೆ ಮನೆಯ ಮುಂದೆ ನಿಂತಾಗ ಅದರ ಲಾಂಛನಕ್ಕೆ ಜರ್ಮನ್ ಲಾಂಛನದಷ್ಟು ತೂಕವಿಲ್ಲ ಎಂಬ ಮಾತಿದೆ. ಆ ತೂಕಕ್ಕೆ ವರ್ಷಕ್ಕೆಷ್ಟು ತೆರಬೇಕು ಎಂಬುದು ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಸೌಕರ್ಯವನ್ನು ಹಿಂದಿನ ಆಸನದಿಂದಲೇ ಅಳೆಯಬೇಕು. ಚೆನ್ನೈ ಬಳಿ ಜೋಡಣೆಯಾಗುವ ಬಿಎಂಡಬ್ಲ್ಯು 3 ಸರಣಿಯ ಉದ್ದದ ಆವೃತ್ತಿ, ಪುಣೆ ಸಮೀಪದ ಚಾಕಣದಿಂದ ಬರುವ ಮರ್ಸಿಡಿಸ್ ಇ-ಕ್ಲಾಸ್ ಇವೆರಡೂ ಅದಕ್ಕೆಂದೇ ಗಾಲಿಗಳ ನಡುವಿನ ಅಂತರ ಹಿಗ್ಗಿಸಿಕೊಂಡ ಕಾರುಗಳು. ಲಾಂಛನವನ್ನು ಅಗ್ಗದಲ್ಲಿ ಕೊಡುವ ಚಿಕ್ಕ ಸೆಡಾನ್‌ಗಳಲ್ಲಿ, ಅಂದರೆ ಮರ್ಸಿಡಿಸ್ ಎ-ಕ್ಲಾಸ್ ಲಿಮೋಸಿನ್ ಅಥವಾ ಬಿಎಂಡಬ್ಲ್ಯು 2 ಸರಣಿಯಲ್ಲಿ, ಮೊಣಕಾಲು ನೋವಿರುವ ಹಿರಿಯರು ಸೇಲಂನಿಂದ ಬೆಂಗಳೂರಿಗೆ ಹೋಗಿಬರುವುದು ಸುಖದ ಪಯಣವಾಗಲಾರದು. ಇನ್ನು ಸೆಡಾನ್ ನೆಲಕ್ಕೆ ತಗ್ಗಾಗಿ ಕೂರುವ ವಾಹನ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ತೊಪ್ಪೂರು ಘಾಟಿಯ ತಿರುವಿನಲ್ಲಿಯೂ, ಅದು ಗುಣವೇ. ಹೆದ್ದಾರಿ ಬಿಟ್ಟು ಊರಿನ ರಸ್ತೆ ಹಿಡಿದೊಡನೆ ಉಬ್ಬುಗಳಿಗೆ ತಳ ತಾಗುತ್ತದೆ. ಪರೀಕ್ಷಾ ಚಾಲನೆಯನ್ನು ಶೋರೂಂ ಮುಂದಿನ ನುಣುಪು ರಸ್ತೆಯಲ್ಲಿ ಮುಗಿಸದೆ, ಮನೆಯ ಹಿರಿಯರನ್ನು ಹಿಂದೆ ಕೂರಿಸಿಕೊಂಡು ಸ್ವಂತ ಊರಿನ ಬಾಗಿಲವರೆಗೆ ತರುವಂತೆ ಪಟ್ಟು ಹಿಡಿಯಬೇಕು.

ಉದ್ಯಮಿಗಳಿಗೆ ಇನ್ನೊಂದು ಮಾತು. "ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ವಾಪಸು ಬರುತ್ತದೆ" ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ವಂತ ಉಪಯೋಗದ ಕಾರಿಗೆ ಹೂಡುವಳಿ ತೆರಿಗೆ ಜಮೆಯನ್ನು ಕಾಯ್ದೆಯೇ ತಡೆದಿದೆ. ವರ್ಷಕ್ಕೆ ಶೇ. 15ರ ಸವಕಳಿಯನ್ನು ಆದಾಯ ತೆರಿಗೆಯಲ್ಲಿ ತೋರಿಸಬಹುದು, ಅಷ್ಟೇ. ಹತ್ತು ಲಕ್ಷ ಮೀರಿದ ಕಾರಿನ ಮೇಲೆ ಮಾರಾಟಗಾರರು ವಸೂಲು ಮಾಡುವ ಶೇ. 1 ತೆರಿಗೆಯನ್ನು ಮಾತ್ರ ಆದಾಯ ತೆರಿಗೆ ವಿವರಣೆಯಲ್ಲಿ ಹೊಂದಿಸಿಕೊಳ್ಳಲು ಮರೆಯಬಾರದು. ಅದು ಅರ್ಧ ಲಕ್ಷದ ಸಮೀಪದ ಹಣ.

ಸಾಲದ ಅವಧಿಯ ಬಗ್ಗೆ ಎಚ್ಚರ ಬೇಕು. 40 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಾದರೆ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 64,400 ರೂಪಾಯಿ. ಒಟ್ಟು ಬಡ್ಡಿ 14 ಲಕ್ಷ. ಐದು ವರ್ಷವಾದರೆ ಕಂತು ಸುಮಾರು 83,000. ಬಡ್ಡಿ 10 ಲಕ್ಷದೊಳಗೆ. ಏಳು ವರ್ಷದ ಸಾಲದಲ್ಲಿ ಐದನೆಯ ವರ್ಷ ಕಾರು ಅರ್ಧ ಬೆಲೆಗಿಳಿದಿರುತ್ತದೆ, ಖಾತರಿ ಮುಗಿದಿರುತ್ತದೆ, ಕಂತು ಮಾತ್ರ ಉಳಿದಿರುತ್ತದೆ. ಮನೆಯ ಮಗು ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರುವ ವರ್ಷಗಳೂ ಇವೇ ಆಗಿರಬಹುದು. ಐದು ವರ್ಷದ ಕಂತು ಭಾರವೆನಿಸುವ ಕುಟುಂಬಕ್ಕೆ ಈ ದರ್ಜೆಯ ಹೊಸ ಕಾರು ಇನ್ನೂ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಕಡೆಯದಾಗಿ ಕಾಗದಪತ್ರಗಳು. ಸಾಲದ ಕರಾರು, ವಿಮೆ, ವಿಸ್ತರಿತ ಖಾತರಿ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ವಿವರಣೆ ತಮಿಳಿನಲ್ಲಿ ದೊರೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಸಹಿ ಹಾಕುವ ಜಾಗವನ್ನಷ್ಟೇ ನೋಡಿ ಸಹಿ ಹಾಕುವುದು ಸಾಮಾನ್ಯ. ಖಾತರಿಯಿಂದ ಹೊರಗಿಟ್ಟ ಭಾಗಗಳ ಪಟ್ಟಿ, ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ವಿಧಿಸುವ ದಂಡ, ವಿಮೆಯಲ್ಲಿ ಶೂನ್ಯ ಸವಕಳಿ ರಕ್ಷಣೆ ಎಷ್ಟು ವರ್ಷದವರೆಗೆ ಎಂಬ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ತೋರಿಸುವಂತೆ ಕೇಳಿ, ಪ್ರತಿಯನ್ನು ಮನೆಗೆ ತಂದು, ಓದಬಲ್ಲವರಿಂದ ಓದಿಸಿಕೊಂಡು, ಮರುದಿನ ಸಹಿ ಹಾಕಬಹುದು.