ಪುಸ್ತಕದಲ್ಲಿ ಹಂಗಿಲ್ಲ ಗುರೂ!

2019ರಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ಲಿನ ಸುತ್ತ ಎರಡು ಮಹಾಯುದ್ಧಗಳು ನಡೆದವು. ಮೇ ತಿಂಗಳಲ್ಲಿ 'ಗೇಮ್ ಆಫ್ ಥ್ರೋನ್ಸ್' ಮುಗಿದಾಗ ಒಂದು, ಆಗಸ್ಟ್ 9ಕ್ಕೆ 'ಕುರುಕ್ಷೇತ್ರ' ತೆರೆಗೆ ಬಂದಾಗ ಇನ್ನೊಂದು.

ಮೊದಲನೇ ಯುದ್ಧದಲ್ಲಿ ಎಲ್ಲರೂ ಪಂಡಿತರೇ. ಮಾರ್ಟಿನ್ ಇನ್ನೂ ಬರೆದು ಮುಗಿಸದ ಪುಸ್ತಕಗಳಿಗೆ ಧಾರಾವಾಹಿಯವರು ಹೇಗೆ ದ್ರೋಹ ಬಗೆದರು ಅಂತ ಅನ್ನ ಸಾರು ಆರಿ ಹೋಗುವವರೆಗೆ ವಾದ. ಅದರ ನಡುವೆ ಹಳೇ ಕೇಸುಗಳೂ ಮೇಲೆದ್ದವು. ಪೀಟರ್ ಜಾಕ್ಸನ್ ಟಾಮ್ ಬಾಂಬಡಿಲ್‌ನನ್ನು ಪೂರ್ತಿ ಕೈಬಿಟ್ಟಿದ್ದು ಸರಿಯಾ? ಹ್ಯಾರಿ ಪಾಟರ್‌ನ ನಾಲ್ಕನೇ ಪುಸ್ತಕದಲ್ಲಿ ಡಂಬಲ್‌ಡೋರ್ ಸಮಾಧಾನವಾಗಿ ಕೇಳುವ ಒಂದು ಪ್ರಶ್ನೆಯನ್ನು ಸಿನಿಮಾದಲ್ಲಿ ಹುಡುಗನ ಮೇಲೆ ಎರಗಿ, ಅಬ್ಬರಿಸಿ ಕೇಳುತ್ತಾನೆ. 2005ರ ಆ ಅಪರಾಧಕ್ಕೆ ನಮ್ಮ ಟೇಬಲ್ಲಿನಲ್ಲಿ ಇನ್ನೂ ಕ್ಷಮೆ ಸಿಕ್ಕಿಲ್ಲ. ಒಂದು ಕ್ರಿಯಾವಿಶೇಷಣಕ್ಕಾಗಿ ಹದಿನಾಲ್ಕು ವರ್ಷ ಜಗಳ ಕಾಯುವ ಜನ ನಾವು! ತಮಾಷೆ ಮಾಡ್ತಿಲ್ಲ, ಇದು ನನಗೆ ನಿಜಕ್ಕೂ ಇಷ್ಟ. ಓದಿದವರಿಗೆ ಮಾತ್ರ ಬರುವ ಸಿಟ್ಟು ಅದು.

ಎರಡನೇ ಯುದ್ಧ ಬಂತು. ಪುಸ್ತಕದ ಮಾತೇ ಇಲ್ಲ! ದರ್ಶನ್‌ಗೆ ಎಷ್ಟು ನಿಮಿಷ, ನಿಖಿಲ್‌ಗೆ ಎಷ್ಟು ನಿಮಿಷ, ಯಾರ ಎಂಟ್ರಿಗೆ ಶಿಳ್ಳೆ ಜಾಸ್ತಿ ಬಿತ್ತು, ಇಷ್ಟೇ. 'ಕುರುಕ್ಷೇತ್ರ'ಕ್ಕೆ ರನ್ನನ 'ಗದಾಯುದ್ಧ'ವೇ ಆಧಾರ ಅಂತ ಆ ಸಿನಿಮಾ ಹೇಳಿಕೊಂಡೇ ಬಂದಿತ್ತು. ಆದರೂ "ಪುಸ್ತಕದಲ್ಲಿ ಹಂಗಿಲ್ಲ ಗುರೂ" ಅಂದ ಒಬ್ಬನೇ ಒಬ್ಬ ಗೆಳೆಯ, ರನ್ನನ ಕಡೆ ತಿರುಗಿಯೂ ನೋಡದೆ, ಬೇರೆ ಪುಸ್ತಕದ ಮಾತಾಡಿದ: "ಮಹಾಭಾರತದಲ್ಲಿ ದುರ್ಯೋಧನ ವಿಲನ್ನು. ಅವನನ್ನ ಹೀರೋ ಮಾಡಿದ್ದೇ ಮೂಲಕ್ಕೆ ಮಾಡಿದ ಅಪಚಾರ."

ನಿಮಿಷ ಎಣಿಸುವ ಅಭಿಮಾನಿಗಳು ಒಂದು ಕಡೆ, ಮೂಲ ಕಾಯುವ ದ್ವಾರಪಾಲಕರು ಇನ್ನೊಂದು ಕಡೆ. ನನ್ನ ಜಗಳ ಇಬ್ಬರ ಜೊತೆಗೂ ಇದೆ.

ಮೊದಲು ದ್ವಾರಪಾಲಕರು. ನಾನು ಬಾಗಲಕೋಟೆ ಜಿಲ್ಲೆಯವನು. 'ಮೂಲ, ಮೂಲ' ಅನ್ನುವವರನ್ನು ಒಮ್ಮೆ ನಮ್ಮ ಮಹಾಕೂಟಕ್ಕೆ ಕರಕೊಂಡು ಹೋಗಬೇಕು ಅಂತ ನನಗೆ ಆಸೆ. ಬಾದಾಮಿಯಿಂದ ಪಟ್ಟದಕಲ್ಲಿನ ಕಡೆಗೆ, ಗುಡ್ಡದ ಮಡಿಲಲ್ಲಿ ಚಾಲುಕ್ಯರ ಗುಡಿಗಳು. ನಡುವೆ ಬುಗ್ಗೆಯ ನೀರಿನ ಹೊಂಡ, ಅದರಲ್ಲಿ ಜಿಗಿದಾಡುವ ಹುಡುಗರು. ಅಲ್ಲಿ ಯಾರನ್ನಾದರೂ ಕೇಳಿ ನೋಡ್ರಿ, ಅಗಸ್ತ್ಯರ ಕಥೆ ಹೇಳ್ತಾರೆ. ಇಲ್ವಲ, ವಾತಾಪಿ ಅಂತ ಇಬ್ಬರು ರಾಕ್ಷಸ ಸೋದರರು. ತಮ್ಮ ಆಡಾಗುತ್ತಾನೆ, ಅಣ್ಣ ಅವನನ್ನು ಕೊಂದು ಅಡುಗೆ ಮಾಡಿ ಬ್ರಾಹ್ಮಣರಿಗೆ ಬಡಿಸುತ್ತಾನೆ. ಉಂಡಾದ ಮೇಲೆ "ವಾತಾಪಿ, ಬಾ" ಅಂದರೆ ತಮ್ಮ ಅವರ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಾನೆ. ಅಗಸ್ತ್ಯರು ಮಾತ್ರ ಉಂಡು, ಹೊಟ್ಟೆ ಸವರಿ, ಅವನನ್ನು ಜೀರ್ಣಿಸಿಕೊಂಡುಬಿಟ್ಟರು. ಬಾದಾಮಿಗೆ ವಾತಾಪಿ ಅನ್ನೋ ಹೆಸರು ಅವನದೇ, ಅಲ್ಲಿನ ಕೆರೆಗೆ ಅಗಸ್ತ್ಯ ತೀರ್ಥ ಅಂತ ಹೆಸರು. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ನೀವುತ್ತ 'ವಾತಾಪಿ ಜೀರ್ಣೋಭವ' ಅನ್ನುವ ಅಜ್ಜಿಯರು ಕರ್ನಾಟಕದ ತುಂಬ ಇದ್ದಾರೆ.

ಈಗ ಇದರ ಮೂಲ ಹುಡುಕೋಣ. ಮಹಾಭಾರತದ ವನಪರ್ವದಲ್ಲಿ ಇಲ್ವಲನ ಊರು ಮಣಿಮತಿ. ಅಗಸ್ತ್ಯರು ಅಲ್ಲಿಗೆ ಹೋಗುವುದು ದುಡ್ಡು ಕೇಳಲಿಕ್ಕೆ, ಲೋಪಾಮುದ್ರೆಗೆ ಬೇಕಾದ ಐಶ್ವರ್ಯ ತರಲಿಕ್ಕೆ. ರಾಮಾಯಣದ ಅರಣ್ಯಕಾಂಡದಲ್ಲಿ ಅದೇ ಅಗಸ್ತ್ಯರು ಹೋಗುವುದು ದೇವತೆಗಳು ಬೇಡಿಕೊಂಡರು ಅಂತ. ಒಂದರಲ್ಲಿ ಸಂಸಾರಸ್ಥನ ತಾಪತ್ರಯ, ಇನ್ನೊಂದರಲ್ಲಿ ಲೋಕರಕ್ಷಣೆ. ಇವೆರಡರಲ್ಲಿ ಮೂಲ ಯಾವುದು? ಅಲ್ಲೇ ತಕರಾರು ಇರುವಾಗ, ಕಥೆಯನ್ನು ತಂದು ತಮ್ಮ ಗುಡ್ಡದ ಪಕ್ಕದಲ್ಲಿ ಕೂರಿಸಿಕೊಂಡ ಬಾದಾಮಿಯ ಜನ ಯಾರಿಗೆ ಅಪಚಾರ ಮಾಡಿದರು ಹೇಳಿ.

ಕನ್ನಡದ ಕವಿಗಳೂ ಮಾಡಿದ್ದು ಇದನ್ನೇ. ಪಂಪ 941ರಲ್ಲಿ ಭಾರತ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ. ಇವತ್ತು ಯಾರಾದರೂ ವೆಬ್ ಸರಣಿಯಲ್ಲಿ ಹಾಗೆ ಮಾಡಲಿ ನೋಡೋಣ, ಸಂಜೆಯೊಳಗೆ ಬಹಿಷ್ಕಾರದ ಕರೆ ಬರುತ್ತದೆ. ಅದೇ ಪಂಪಭಾರತದ ಕೊನೆಯ ಭಾಗದ ಒಂದು ಆಶ್ವಾಸವನ್ನು ಹಿಗ್ಗಿಸಿ ರನ್ನ ಹತ್ತು ಆಶ್ವಾಸದ 'ಗದಾಯುದ್ಧ' ಕಟ್ಟಿದ. ಅಂದರೆ ಅದು ರೂಪಾಂತರದ ರೂಪಾಂತರ! ಹಾಗಾಗಿ, ಗೆಳೆಯಾ, ದುರ್ಯೋಧನನಿಗೆ ಮನುಷ್ಯನ ಮರ್ಯಾದೆ ಕೊಟ್ಟದ್ದು ಗಾಂಧಿನಗರ ಅಲ್ಲ. ಸಾವಿರ ವರ್ಷದ ಹಿಂದೆಯೇ ಮುಧೋಳದ ಬಳೆಗಾರರ ಮನೆಯ ಹುಡುಗ ಆ ಕೆಲಸ ಮಾಡಿದ್ದ.

ಬದಲಾಯಿಸಿದ್ದು ತಪ್ಪಲ್ಲ ಅಂದಮೇಲೆ ಸಿನಿಮಾದವರು ಪಾರಾದರಾ? ಇಲ್ಲ. ಅವರ ಮೇಲಿನ ಆರೋಪ ಇನ್ನೂ ದೊಡ್ಡದು. ರನ್ನನಿಗೂ ಒಬ್ಬ ನಿರ್ಮಾಪಕ ಇದ್ದ, ಸಾಮಾನ್ಯದವನಲ್ಲ, ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯ. ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮವಿಜಯ'. ಭೀಮನೇ ನಾಯಕ, ಆ ಭೀಮ ಬೇರೆ ಯಾರೂ ಅಲ್ಲ, ಸತ್ಯಾಶ್ರಯನೇ. ಇದಕ್ಕಿಂತ ದೊಡ್ಡ ಸ್ಟಾರ್ ಒತ್ತಡ ಯಾವ ನಿರ್ದೇಶಕನಿಗಿದೆ?

ಅಂಥ ಒತ್ತಡದಲ್ಲಿ ಸಾಮಾನ್ಯವಾಗಿ ಎಂಥ ಬರಹ ಹುಟ್ಟುತ್ತದೆ ಅನ್ನೋದಕ್ಕೆ ಮತ್ತೆ ಮಹಾಕೂಟವೇ ಸಾಕ್ಷಿ. ದೊರೆ ಮಂಗಳೇಶ ಅಲ್ಲೊಂದು ಕಂಬ ನಿಲ್ಲಿಸಿ ಶಾಸನ ಕೆತ್ತಿಸಿದ್ದ. ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವನ ಅಣ್ಣ ಕೀರ್ತಿವರ್ಮ ಗೆದ್ದ ದೇಶಗಳ ಪಟ್ಟಿ ಇದೆ: ವಂಗ, ಅಂಗ, ಕಳಿಂಗ, ಮಗಧ, ಕೇರಳ, ಪಾಂಡ್ಯ, ಹೀಗೆ ಉದ್ದಕ್ಕೆ ಸಾಗುತ್ತದೆ. ಸೋತ ಒಬ್ಬನ ಮುಖವೂ ಕಾಣುವುದಿಲ್ಲ. ಅಭಿಮಾನಿ ಸಂಘದ ಕಟೌಟು ಕಲ್ಲಿನಲ್ಲಿ ಕೆತ್ತಿದರೆ ಹಾಗೇ ಇರುತ್ತದೆ.

ಆ ಚಾಲುಕ್ಯರ ವಂಶದವರೇ ನಾವು ಅಂತ ಹೇಳಿಕೊಂಡ ಅರಸರ ಆಸ್ಥಾನದಲ್ಲಿ ಕೂತು ರನ್ನ ಏನು ಮಾಡಿದ? ಭೀಮನಿಗೆ ಹೊಗಳಿಕೆ ಸಲ್ಲಿಸಿದ, ಗರ್ಜನೆ ಕೊಟ್ಟ, ಕೊಳದಲ್ಲಿ ಅಡಗಿದವನಿಗೂ ಬೆವರು ಬರಿಸುವಂಥ ದನಿ ಕೊಟ್ಟ. ಆಮೇಲೆ ಸೋತವನ ಬೆನ್ನು ಹಿಡಿದು ಹೊರಟ. ಯುದ್ಧದ ಕೊನೆಯ ದಿನ, ಸೈನ್ಯವೆಲ್ಲ ಮುಗಿದಿದೆ, ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ ಬಿದ್ದಿದ್ದಾನೆ. ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ತಮ್ಮ ದುಶ್ಶಾಸನ, ಜೀವದ ಗೆಳೆಯ ಕರ್ಣ. ಅದೇ ದಾರಿಯಲ್ಲಿ ಅಭಿಮನ್ಯುವಿನ ಹೆಣವೂ ಇದೆ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ವೈರಿಯ ಮಗ. ದುರ್ಯೋಧನ ಅಲ್ಲಿ ನಿಂತು ಕೈಮುಗಿಯುತ್ತಾನೆ, ಇಂಥ ಸಾವು ನನಗೂ ಬರಲಿ ಅಂತ ಬೇಡುತ್ತಾನೆ. ಮಾಡಿದ ಪಾಪ ಒಂದೂ ಮಾಫಿ ಆಗಿಲ್ಲ, ಆದರೂ ಅವನ ಜೊತೆ ನಡೆಯುವ ನಮಗೆ ಗಂಟಲು ಕಟ್ಟುತ್ತದೆ. ಭೀಮನ ಹೆಸರಿನ ಕಾವ್ಯ ಮುಗಿಸಿ ಎದ್ದಾಗ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಬಿ.ಎಂ.ಶ್ರೀ. ಅವರು ಇದೇ ಕಾವ್ಯದಿಂದ 'ಗದಾಯುದ್ಧ ನಾಟಕ' ಮಾಡಿದಾಗ ಕಂಡದ್ದೂ ಈ ದುರಂತ ನಾಯಕನನ್ನೇ.

ಸಿನಿಮಾ? ಒಂದು ದಿನದ ಕಥೆ ಬಿಟ್ಟು ಇಡೀ ಮಹಾಭಾರತವನ್ನು ಮೂರು ಗಂಟೆಯಲ್ಲಿ ತುರುಕಲು ಹೊರಟಿತು. ಹಿಂದೆ ನಡೆದದ್ದನ್ನು ನೆನಪಿನಲ್ಲಿ ತಿರುಗಿ ನೋಡುವ 'ಸಿಂಹಾವಲೋಕನ' ಕ್ರಮವನ್ನು ರನ್ನ ಕೈಗೆ ಕೊಟ್ಟಿದ್ದ. ಅದನ್ನು ಬೆನ್ನೆಲುಬು ಮಾಡಿಕೊಳ್ಳಬಹುದಿತ್ತು. ಬದಲಿಗೆ ದುರ್ಯೋಧನನಿಗೆ ಹೊಗಳಿಕೆಯ ಹಾಡು, ಭಾನುಮತಿಯ ಜೊತೆ ಯುಗಳಗೀತೆ, ಅಭಿಮನ್ಯುವಿಗೆ ಅವನದೇ ವೀರಾವೇಶದ ಭಾಗ. ಒಬ್ಬೊಬ್ಬ ಸ್ಟಾರಿಗೂ ಸೈಟು ಹಂಚಿದ ಹಾಗೆ ಕಥೆ ಹಂಚಿಕೆಯಾಯಿತು. ರನ್ನ ತನ್ನ ಒಡೆಯನ ವೈರಿಯನ್ನೂ ಒಳಗಿಂದ ನೋಡಿದ. ಇವರಿಗೆ ತಮ್ಮ ನಾಯಕನನ್ನೇ ಒಳಗಿಂದ ನೋಡುವ ಧೈರ್ಯ ಬರಲಿಲ್ಲ.

"ಅಭಿಮಾನಿಗಳಿಗೆ ಅದೇ ಬೇಕು ಸಾರ್, ಕೋಟಿಗಟ್ಟಲೆ ದುಡ್ಡು ಹಾಕಿರ್ತಾರೆ" ಅಂತ ಒಂದು ಸಮಜಾಯಿಷಿ ಇದೆ. ಇದು ಅಭಿಮಾನಿಗಳಿಗೆ ಮಾಡುವ ಅವಮಾನ. 1977ರ 'ಬಭ್ರುವಾಹನ'ದಲ್ಲಿ ರಾಜಕುಮಾರ್ ಅರ್ಜುನನೂ ಹೌದು, ಅವನ ಮಗನೂ ಹೌದು. ಆ ಅರ್ಜುನ ಅಹಂಕಾರಿ, ಕಟ್ಟಿಕೊಂಡವಳ ಶೀಲವನ್ನೇ ಶಂಕಿಸುವವನು, ಕೊನೆಗೆ ಮಗನ ಕೈಲಿ ಸೋಲುವವನು. ಜನ ಎದ್ದು ಹೋದರಾ? ಇವತ್ತಿಗೂ ಅಪ್ಪ-ಮಗನ ಆ ವಾಗ್ಯುದ್ಧವನ್ನು ಊರ ಗಣೇಶನ ವೇದಿಕೆಗಳ ಮೇಲೆ ಹಾಡಿ ಕುಣಿಯುತ್ತಾರೆ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅದೇ ನಟ ಹಿರಣ್ಯಕಶಿಪು ಆಗಿ ತೆರೆಯ ಮೇಲೆ ಹಿಂಸಿಸಿದ್ದು ಸ್ವಂತ ಮಗ ಪುನೀತ್‌ನನ್ನು. ಆ ಅಸುರನಿಗೆ ಯಾರೂ ಸುಣ್ಣ ಬಳಿಯಲಿಲ್ಲ, ಅಭಿಮಾನಿಗಳೂ ಕಡಿಮೆಯಾಗಲಿಲ್ಲ. ನಮ್ಮ ಪ್ರೇಕ್ಷಕ ಅಂಜುಬುರುಕ ಅಲ್ಲ. ಅವನ ಹೆಸರು ಹೇಳಿ ಅಂಜುವವರು ಬೇರೆ.

ಆದರೆ ಅವರನ್ನು ಹಾಗೆ ಆರಾಮಾಗಿ ಬಿಟ್ಟವರು ಯಾರು? ನಾವೇ, ಓದು ಬಲ್ಲ, ಟಿಕೆಟ್ಟಿಗೆ ಐನೂರು ಕೊಡಬಲ್ಲ ಜನ. ಹಾಗ್ವಾರ್ಟ್ಸ್‌ನ ಮೆಟ್ಟಿಲುಗಳ ಲೆಕ್ಕ ಇಡುವ ನಾವು ರನ್ನನನ್ನು ಪರೀಕ್ಷೆಯ ಎಂಟು ಅಂಕದ ಪದ್ಯ ಮಾಡಿ ಮರೆತೆವು. 'ಗೇಮ್ ಆಫ್ ಥ್ರೋನ್ಸ್' ಕೊನೆಯ ಸೀಸನ್ ಮತ್ತೆ ಮಾಡಿ ಅಂತ ಜಗತ್ತಿನಲ್ಲಿ ಲಕ್ಷಾಂತರ ಜನ ಸಹಿ ಹಾಕಿದರು. ಆ ಬೇಡಿಕೆ ಸರಿಯೋ ತಪ್ಪೋ ಬೇರೆ ಮಾತು, ಆದರೆ ಅಲ್ಲಿನ ಬರಹಗಾರರಿಗೆ ಒಂದಂತೂ ಗೊತ್ತು: ಕಥೆ ಬಲ್ಲವರು ನೋಡುತ್ತಿದ್ದಾರೆ. 'ಗದಾಯುದ್ಧ'ದ ಹೆಸರು ಹೇಳಿ ಸಿನಿಮಾ ಮಾಡುವವನಿಗೆ ಆ ಭಯ ಇಲ್ಲವೇ ಇಲ್ಲ. ಯಾಕಂದ್ರೆ ಕೇಳುವವರು ಯಾರೂ ಇಲ್ಲ.

ಹಳಗನ್ನಡ ಕಷ್ಟ ಅಂತೀರಾ? ಹೌದು, ಕಷ್ಟ. ಹೊಸಗನ್ನಡ ಗದ್ಯಾನುವಾದ ಇಟ್ಟುಕೊಂಡು ಒಂದೆರಡು ವಾರಾಂತ್ಯ ಕೂತರೆ ಆ ರಣಭೂಮಿಯ ನಡಿಗೆ ಮುಗಿಯುತ್ತದೆ. ಎಂಟು ಸೀಸನ್ ನೋಡಿದವರಿಗೆ ಅದೇನು ಭಾರ? ಓದಿ ಬನ್ನಿ, ಆಮೇಲೆ ಬೈಯಿರಿ. 'ಪುಸ್ತಕದಲ್ಲಿ ಹಂಗಿಲ್ಲ' ಅಂತ ಬೈಯಬೇಡಿ, ಪುಸ್ತಕದಲ್ಲಿ ಹಂಗಿಲ್ಲದಿದ್ದರೂ ನಡೀತದೆ. 'ಪುಸ್ತಕಕ್ಕೆ ಇದ್ದ ಧೈರ್ಯ ನಿಮಗೆ ಯಾಕಿಲ್ಲ' ಅಂತ ಬೈಯಿರಿ. ಒಬ್ಬ ಸೋತ ಅರಸ, ಒಂದೇ ದಿನ, ಒಂದು ರಣಭೂಮಿ, ಇಷ್ಟನ್ನೇ ಇಟ್ಟುಕೊಂಡು ಎರಡು ಗಂಟೆ ನಮ್ಮನ್ನು ಕೂರಿಸುವ ಕನ್ನಡ ಸಿನಿಮಾ ಬರಲಿ. ಅದರಲ್ಲಿ ಯಾವ ಸ್ಟಾರ್ ಬೇಕಾದರೂ ಇರಲಿ, ಮೊದಲ ದಿನದ ಮೊದಲ ಶೋಗೆ ನಾನೂ ಶಿಳ್ಳೆ ಹೊಡೀತೀನಿ.