ಕ್ವೀನ್ಸ್: ನೂರಾರು ನುಡಿಗಳ ಬರೋ, ಲೆಕ್ಕಕ್ಕೆ ಸಿಗದ ನೆರೆಹೊರೆ

2026ರ ಜನವರಿ 1ರಂದು ನ್ಯೂಯಾರ್ಕ್ ನಗರದ ಮೇಯರ್ ಆಗಿ ಅಧಿಕಾರ ವಹಿಸಿಕೊಂಡ ಜೊಹ್ರಾನ್ ಮಮ್ದಾನಿ ಅವರು ಚಿತ್ರನಿರ್ದೇಶಕಿ ಮೀರಾ ನಾಯರ್ ಅವರ ಪುತ್ರರೆಂಬ ವಿಷಯ ನಮ್ಮಲ್ಲಿ ಸಾಕಷ್ಟು ಚರ್ಚಿತವಾಗಿದೆ. ಆದರೆ ಅವರನ್ನು ರಾಜಕೀಯಕ್ಕೆ ತಂದ ನೆಲದ ಬಗ್ಗೆ ಅಷ್ಟು ಮಾತು ನಡೆದಿಲ್ಲ. ಮೇಯರ್ ಆಗುವ ಮೊದಲು, 2021ರಿಂದ, ಅವರು ರಾಜ್ಯದ ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದುದು ಆಸ್ಟೋರಿಯಾ ಎಂಬ ಬಡಾವಣೆಯನ್ನು. ಅದು ಕ್ವೀನ್ಸ್ ಬರೋಗೆ ಸೇರಿದ್ದು. ವಲಸಿಗರ ವಿರುದ್ಧ ಕಠಿಣ ನಿಲುವು ತಳೆದಿರುವ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು 1946ರಲ್ಲಿ ಹುಟ್ಟಿ ಬೆಳೆದದ್ದೂ ಇದೇ ಕ್ವೀನ್ಸ್‌ನಲ್ಲಿ ಎಂಬುದು ಸ್ವಾರಸ್ಯದ ಸಂಗತಿ.

ನ್ಯೂಯಾರ್ಕ್ ನಗರವು ಐದು ಬರೋಗಳಾಗಿ ವಿಂಗಡಿತವಾಗಿದೆ. ಬರೋ ಎಂದರೆ ನಮ್ಮ ಮುಂಬಯಿ ಮಹಾನಗರಪಾಲಿಕೆಯ ವಾರ್ಡ್‌ನಂಥ ಸಣ್ಣ ಘಟಕವಲ್ಲ. 2020ರ ಜನಗಣತಿಯಂತೆ ಕ್ವೀನ್ಸ್ ಒಂದರ ಜನಸಂಖ್ಯೆಯೇ 24 ಲಕ್ಷ 5 ಸಾವಿರ. ಇಡೀ ಹ್ಯೂಸ್ಟನ್ ನಗರದ ಜನಸಂಖ್ಯೆಗಿಂತಲೂ ಅಧಿಕ. ಇಲ್ಲಿನ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಅಮೆರಿಕದ ಹೊರಗೆ ಜನಿಸಿದವರು. ಲ್ಯಾಟಿನ್ ಅಮೆರಿಕ ಮೂಲದವರು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಏಷ್ಯಾ ಮೂಲದವರೂ ಅಷ್ಟೇ; ಬಿಳಿಯರು ಅವರಿಗಿಂತ ಕಡಿಮೆ. ಬಹುಸಂಖ್ಯಾತರೆನಿಸಿಕೊಳ್ಳಬಲ್ಲ ಸಮುದಾಯ ಇಲ್ಲಿ ಒಂದೂ ಇಲ್ಲ.

ಈ ವೈವಿಧ್ಯವನ್ನು ಹೊಗಳುವುದು ಸುಲಭ. ಪ್ರವಾಸಿ ಲೇಖನಗಳು ಅದನ್ನು ಧಾರಾಳವಾಗಿ ಮಾಡುತ್ತವೆ. ಆದರೆ ಆಡಳಿತದ ಕಾಗದಪತ್ರಗಳಲ್ಲಿ, ಮತಪತ್ರದಲ್ಲಿ, ಬಾಡಿಗೆಯ ಕಾನೂನಿನಲ್ಲಿ ಈ ವೈವಿಧ್ಯ ಎಷ್ಟರಮಟ್ಟಿಗೆ ಗೋಚರಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಪರಭಾಷಾ ನಗರಗಳಲ್ಲಿ ಬಾಳುತ್ತಿರುವ ನಮಗೆ ಈ ಪ್ರಶ್ನೆ ಅಪರಿಚಿತವೇನೂ ಅಲ್ಲ.

ಮೊದಲಿಗೆ ಸ್ವಲ್ಪ ಇತಿಹಾಸ. ಡಚ್ಚರ ಆಳ್ವಿಕೆಯಲ್ಲಿ, 1657ರಲ್ಲಿ, ಕ್ವೇಕರ್ ಪಂಥದವರಿಗೆ ಆಶ್ರಯ ನೀಡಬಾರದೆಂಬ ಗವರ್ನರ್ ಪೀಟರ್ ಸ್ಟೈವೆಸಂಟ್‌ನ ಆಜ್ಞೆಯನ್ನು ವಿರೋಧಿಸಿ ಫ್ಲಶಿಂಗ್ ಗ್ರಾಮದ ಸುಮಾರು ಮೂವತ್ತು ನಿವಾಸಿಗಳು ಮನವಿಪತ್ರಕ್ಕೆ ಸಹಿ ಹಾಕಿದರು. ಕೆಲವೇ ವರ್ಷಗಳ ಅನಂತರ ತನ್ನ ಮನೆಯಲ್ಲಿ ಕ್ವೇಕರರ ಸಭೆಗೆ ಅವಕಾಶ ಕೊಟ್ಟ ಜಾನ್ ಬೌನ್ ಗಡೀಪಾರಾದ. ಹಾಲೆಂಡಿಗೆ ಹೋಗಿ ವಾದಿಸಿ, ಅನುಕೂಲಕರ ಆದೇಶದೊಂದಿಗೆ ಮರಳಿದ. ಅವನ ಹೆಸರಿನ ಬೌನ್ ಬೀದಿಯಲ್ಲಿ ಅವನ ಮನೆ ಇಂದಿಗೂ ಇದೆ. ಅದೇ ಬೀದಿಯಲ್ಲಿ 1977ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಮಹಾವಲ್ಲಭ ಗಣಪತಿ ದೇವಸ್ಥಾನದ ಪ್ರತಿಷ್ಠೆ ನೆರವೇರಿತು. ಕನ್ನಡಿಗರೂ ಸೇರಿದಂತೆ ದಕ್ಷಿಣ ಭಾರತೀಯರು ನ್ಯೂಜೆರ್ಸಿಯಿಂದಲೂ ಅಲ್ಲಿಗೆ ಬರುತ್ತಾರೆ. ದೇವರ ದರ್ಶನದ ಬಳಿಕ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಯನ್ನು ಮರೆಯುವವರು ಕಡಿಮೆ.

ಆದರೆ ಕ್ವೀನ್ಸ್ ಸದಾಕಾಲ ಎಲ್ಲರನ್ನೂ ಬರಮಾಡಿಕೊಂಡಿತೆಂದು ಭಾವಿಸಬೇಕಾಗಿಲ್ಲ. ಇಂದು ದಕ್ಷಿಣ ಏಷ್ಯನ್ನರ ಪೇಟೆಯೆಂದು ಹೆಸರಾದ ಜಾಕ್ಸನ್ ಹೈಟ್ಸ್ ಮೂಲತಃ ಉದ್ಯಾನಗಳ ನಡುವಣ ಸುಂದರ ವಸತಿಸಮುಚ್ಚಯ; ಕಟ್ಟಿದ ಕಂಪನಿ ಅಲ್ಲಿ ಯೆಹೂದ್ಯರಿಗಾಗಲಿ ಕಪ್ಪುಜನರಿಗಾಗಲಿ ಪ್ರವೇಶ ಕೊಟ್ಟಿರಲಿಲ್ಲ. ದೇಶದ ಬಾಗಿಲೂ 1924ರ ಕಾಯಿದೆಯಿಂದ ಏಷ್ಯನ್ನರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಮಾಡಿದ ವಲಸೆ ಕಾಯಿದೆ ರಾಷ್ಟ್ರಮೂಲದ ಕೋಟಾವನ್ನು ರದ್ದುಪಡಿಸಿತು. ಹಾಗೆ ಬಂದವರಿಗೆ ಮ್ಯಾನ್‌ಹಾಟನ್ನಿನ ಕೆಲಸದ ತಾಣಕ್ಕೆ ನೇರ ರೈಲು, ಕೈಗೆಟಕುವ ಬಾಡಿಗೆ, ಎರಡೂ ಏಕಕಾಲದಲ್ಲಿ ಲಭಿಸಿದ್ದು ಕ್ವೀನ್ಸ್‌ನಲ್ಲಿ. 1928ರಲ್ಲೇ ಫ್ಲಶಿಂಗ್ ತಲುಪಿದ್ದ ಏಳನೇ ನಂಬರಿನ ರೈಲುಮಾರ್ಗದ ಉದ್ದಕ್ಕೂ ಇಂದು ಇಳಿದಲ್ಲೆಲ್ಲ ಒಂದೊಂದು ದೇಶ. ಎಪ್ಪತ್ತನಾಲ್ಕನೇ ಬೀದಿಯಲ್ಲಿ ಸೀರೆ, ಚಿನ್ನದ ಅಂಗಡಿಗಳನ್ನು ತೆರೆದ ಭಾರತೀಯರಲ್ಲಿ ಅನೇಕರು ಅನುಕೂಲ ಕಂಡ ಮೇಲೆ ಲಾಂಗ್ ಐಲೆಂಡ್‌ಗೆ, ನ್ಯೂಜೆರ್ಸಿಗೆ ಹೊರಟುಹೋದರು. ಅವರ ಜಾಗಕ್ಕೆ ಬಾಂಗ್ಲಾದೇಶಿಗಳು, ನೇಪಾಳಿಗಳು, ಟಿಬೆಟಿಯನ್ನರು ಬಂದಿದ್ದಾರೆ.

ಇನ್ನು ಭಾಷೆಯ ವಿಷಯ. ಅಳಿವಿನಂಚಿನ ನುಡಿಗಳ ಅಧ್ಯಯನಕ್ಕೆ ಮೀಸಲಾದ ಸಂಸ್ಥೆಯೊಂದು ನ್ಯೂಯಾರ್ಕಿನಲ್ಲಿ ಸುಮಾರು 700 ಭಾಷೆಗಳನ್ನು ಗುರುತಿಸಿದೆ; ಅವುಗಳ ಅತಿ ದಟ್ಟ ನೆಲೆಗಳಲ್ಲಿ ಕ್ವೀನ್ಸ್ ಒಂದು. 2017ರ ನಗರ ಕಾನೂನು ಪಾಲಿಕೆಯ ಸೇವೆಗಳ ಮುಖ್ಯ ದಾಖಲೆಗಳನ್ನು ಇಂಗ್ಲಿಷಲ್ಲದೆ ಇತರ ಹತ್ತು ಭಾಷೆಗಳಲ್ಲಿ ಒದಗಿಸಬೇಕೆಂದು ವಿಧಿಸಿತು. ಬಂಗಾಳಿ ಮತ್ತು ಉರ್ದು ಆ ಪಟ್ಟಿಯಲ್ಲಿವೆ. ರಿಚ್ಮಂಡ್ ಹಿಲ್‌ನ ಬೀದಿಗಳಲ್ಲಿ ಕೇಳಿಬರುವ ಪಂಜಾಬಿ ಆ ಹತ್ತರಲ್ಲಿ ಇರಲಿಲ್ಲ.

ಮತಪತ್ರದ ಕಥೆ ಇನ್ನೂ ವಿಚಿತ್ರ. ಅಮೆರಿಕದ ಮತಾಧಿಕಾರ ಕಾಯಿದೆಯ ಪ್ರಕಾರ, ಇಂಗ್ಲಿಷ್ ಬಾರದ ಮತದಾರರ ಸಂಖ್ಯೆ ನಿರ್ದಿಷ್ಟ ಮಿತಿ ದಾಟಿದ ಭಾಷಾ ಸಮೂಹಕ್ಕೆ ಅವರ ನುಡಿಯಲ್ಲೇ ಮತಪತ್ರ ಕೊಡಬೇಕು. 2011ರಲ್ಲಿ ಜನಗಣತಿ ಇಲಾಖೆಯು ಕ್ವೀನ್ಸ್‌ನಲ್ಲಿ ‘ಏಷ್ಯನ್ ಇಂಡಿಯನ್’ ಸಮೂಹ ಆ ಮಿತಿಯನ್ನು ಮುಟ್ಟಿದೆಯೆಂದು ಪ್ರಕಟಿಸಿತು. ಏಷ್ಯನ್ ಇಂಡಿಯನ್ ಎಂಬ ಭಾಷೆ ಭೂಮಿಯ ಮೇಲೆ ಇಲ್ಲವಷ್ಟೆ! ಯಾವುದಾದರೂ ಒಂದನ್ನು ಆರಿಸಬೇಕಾಯಿತು, ಬಂಗಾಳಿಯನ್ನು ಆರಿಸಿದರು. 2013ರಿಂದ ಬಂಗಾಳಿ ಮತಪತ್ರ ಬಂತು. ಬಾಂಗ್ಲಾ ಮೂಲದ ಮತದಾರರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಗುಜರಾತಿ ಅಜ್ಜಿಯೊಬ್ಬರೂ ಪಂಜಾಬಿ ಟ್ಯಾಕ್ಸಿ ಚಾಲಕರೊಬ್ಬರೂ ಮಿತಿ ಮುಟ್ಟುವ ಲೆಕ್ಕಕ್ಕೆ ಸೇರಿ, ಮತಪತ್ರ ಕೈಗೆ ಬರುವಾಗ ಲೆಕ್ಕದಿಂದ ಹೊರಗಾದರು. ಮುಂಬಯಿಯ ಪಾಲಿಕೆ ತನ್ನ ಶಾಲೆಗಳನ್ನು ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ನಡೆಸಿದ ಸಂಪ್ರದಾಯವನ್ನು ಇದರೊಡನೆ ಹೋಲಿಸಿದರೆ, ಆ ಶಾಲೆಗಳ ಇಂದಿನ ಸ್ಥಿತಿ ಏನೇ ಇರಲಿ, ತತ್ತ್ವದಲ್ಲಿ ನಮ್ಮ ನಗರವೇ ಉದಾರವಾಗಿತ್ತು ಎನ್ನಬೇಕು.

ಕ್ಷೇತ್ರಗಳ ಗಡಿಯಲ್ಲೂ ಇದೇ ಪಾಡು. ರಿಚ್ಮಂಡ್ ಹಿಲ್ ಮತ್ತು ಅದರ ಪಕ್ಕದ ಸೌತ್ ಓಜೋನ್ ಪಾರ್ಕ್‌ನಲ್ಲಿ ಪಂಜಾಬಿಗಳ ಜೊತೆಗೆ ಗಯಾನಾ, ಟ್ರಿನಿಡಾಡ್ ಮೂಲದವರು ಅಪಾರ ಸಂಖ್ಯೆಯಲ್ಲಿದ್ದಾರೆ. 1838ರಿಂದ 1917ರವರೆಗೆ ಕಲ್ಕತ್ತಾ, ಮದರಾಸು ಬಂದರುಗಳಿಂದ ಕಬ್ಬಿನ ತೋಟಗಳಿಗೆ ಸಾಗಿಸಲ್ಪಟ್ಟ ಕರಾರು ಕೂಲಿಗಳ ಸಂತತಿ ಇವರು. ಹೋಳಿಯನ್ನು ಫಗ್ವಾ ಎಂದು ಬೀದಿಯಲ್ಲಿ ಆಚರಿಸುತ್ತಾರೆ. 2012ರ ಗಡಿನಿರ್ಣಯದಲ್ಲಿ ಈ ಒಂದು ನೆರೆಹೊರೆ ಏಳು ವಿಧಾನಸಭಾ ಕ್ಷೇತ್ರಗಳಿಗೆ ಹರಿದು ಹಂಚಿಹೋಗಿತ್ತು. ಪ್ರತಿ ಕ್ಷೇತ್ರದಲ್ಲೂ ಇವರು ಅಲ್ಪಸಂಖ್ಯಾತರು. ನಗರ ಪರಿಷತ್ತಿಗೆ ದಕ್ಷಿಣ ಏಷ್ಯಾ ಮೂಲದವರು ಮೊದಲ ಬಾರಿಗೆ ಆರಿಸಿಬಂದದ್ದು 2021ರಲ್ಲಿ, ಅಂದರೆ ವಲಸೆ ಕಾಯಿದೆಯಾಗಿ ಐವತ್ತಾರು ವರ್ಷಗಳ ನಂತರ ಎಂಬುದನ್ನು ಗಮನಿಸಿದರೆ ಈ ಚದುರುವಿಕೆಯ ಬೆಲೆ ತಿಳಿಯುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ವಸತಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆಯಾಗಿ ಸುರಿದಾಗ ನಗರದಲ್ಲಿ 13 ಮಂದಿ ಮೃತಪಟ್ಟರು. ಅವರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿ ನೀರಿಗೆ ಸಿಲುಕಿದವರು, ಹೆಚ್ಚಿನವರು ಕ್ವೀನ್ಸ್‌ನವರು. ಇಂತಹ ಮನೆಗಳು ಬಹುತೇಕ ಪರವಾನಗಿ ಇಲ್ಲದವು. ಹಾಗಾಗಿ ಅಲ್ಲಿ ಎಷ್ಟು ಮಂದಿ ಮಲಗುತ್ತಾರೆಂಬುದು ಯಾವ ದಾಖಲೆಯಲ್ಲೂ ಸ್ಪಷ್ಟವಾಗಿ ಇರುವುದಿಲ್ಲ. ಅದಕ್ಕೂ ಮುಂಚೆ, 2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಕೊರೋನಾ ಸೋಂಕು ಎಲ್ಮ್‌ಹರ್ಸ್ಟ್‌ನ ಸಾರ್ವಜನಿಕ ಆಸ್ಪತ್ರೆಯನ್ನು ತುಂಬಿದಾಗಲೂ, ಒಂದೇ ಮನೆಯಲ್ಲಿ ಹಲವು ಕುಟುಂಬಗಳು ಒತ್ತಾಗಿ ಬಾಳುವ ಬಡಾವಣೆಗಳೇ ಮೊದಲು ನಲುಗಿದ್ದವು.

ಮಮ್ದಾನಿ ಅವರು ಗೆದ್ದದ್ದು ಬಾಡಿಗೆ ಏರಿಕೆಗೆ ತಡೆಯೊಡ್ಡುವ ವಾಗ್ದಾನದಿಂದ. ಪ್ರಚಾರದಲ್ಲಿ ಅವರು ಹಿಂದಿ, ಉರ್ದು, ಬಂಗಾಳಿ, ಸ್ಪ್ಯಾನಿಷ್ ಭಾಷೆಗಳಲ್ಲಿ ಮಾತನಾಡಿದರು; ಅದು ಮೆಚ್ಚತಕ್ಕದ್ದೇ. ಆದರೆ ಆ ವಾಗ್ದಾನ ಅನ್ವಯಿಸುವುದು ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಸುಮಾರು ಹತ್ತು ಲಕ್ಷ ಮನೆಗಳಿಗೆ. ಸ್ಥೂಲವಾಗಿ, 1974ಕ್ಕಿಂತ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳು ಈ ವ್ಯವಸ್ಥೆಯಲ್ಲಿವೆ. ಕ್ವೀನ್ಸ್‌ನ ದಕ್ಷಿಣ ಮತ್ತು ಪೂರ್ವ ಭಾಗಗಳು ಒಂದೆರಡು ಕುಟುಂಬಗಳ ಸಣ್ಣ ಮನೆಗಳ ಪ್ರದೇಶ. ಅಲ್ಲಿ ಮೇಲ್ಮಹಡಿಯನ್ನೋ ನೆಲಮಾಳಿಗೆಯನ್ನೋ ಬಾಡಿಗೆಗೆ ಪಡೆದವರನ್ನು ಈ ತಡೆ ಮುಟ್ಟುವುದಿಲ್ಲ. ಮನೆಯೊಡೆಯನೂ ಬಹುಮಟ್ಟಿಗೆ ವಲಸಿಗನೇ. ಆ ಬಾಡಿಗೆಯಿಂದಲೇ ಬ್ಯಾಂಕಿನ ಸಾಲದ ಕಂತು ಕಟ್ಟುವವನು. ಆದ್ದರಿಂದ ಇಲ್ಲಿ ಒಡೆಯ–ಒಕ್ಕಲು ಎಂಬ ಸರಳ ಜಗಳವಿಲ್ಲ.

2024ರ ಡಿಸೆಂಬರ್‌ನಲ್ಲಿ ನಗರ ಪರಿಷತ್ತು ಒಪ್ಪಿದ ವಸತಿ ಯೋಜನೆ ಸಣ್ಣ ಮನೆಗಳ ಆವರಣದಲ್ಲಿ ಹೆಚ್ಚುವರಿ ವಾಸದ ಘಟಕಗಳಿಗೆ ಅವಕಾಶ ಕಲ್ಪಿಸಿದೆ, ಪ್ರವಾಹ ಭೀತಿಯ ಪ್ರದೇಶಗಳ ನೆಲಮಾಳಿಗೆಗಳನ್ನು ಹೊರಗಿಟ್ಟು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿ. ಆದರೆ ಹೊರಗಿಟ್ಟ ನೆಲಮಾಳಿಗೆಗಳಿಂದ ಜನ ಎದ್ದು ಹೋಗಬೇಕಾದದ್ದು ಎಲ್ಲಿಗೆ? 2025ರಲ್ಲಿ ಮ್ಯಾನ್‌ಹಾಟನ್ನಿನ ವಲಸೆ ನ್ಯಾಯಾಲಯದ ಮೊಗಸಾಲೆಯಲ್ಲೇ ಬಂಧನಗಳು ನಡೆದುದನ್ನು ಕಂಡವರು, ಮನೆ ಸೋರುತ್ತಿದೆಯೆಂದು ಪಾಲಿಕೆಗೆ ದೂರು ಕೊಡಲು ಮುಂದಾಗುವುದಾದರೂ ಹೇಗೆ? ಸಹಾಯ ಬೇಕಾದವನು ಮೊದಲು ತನ್ನ ವಿಳಾಸ ಕೊಡಬೇಕು. ಇವರು ಕೊಡಲು ಅಂಜುವುದು ವಿಳಾಸವನ್ನೇ.

ಮುಂದಿನ ಜನಗಣತಿ 2030ರಲ್ಲಿ. ಕ್ಷೇತ್ರಗಳ ಗಡಿ ಮತ್ತೆ ಎಳೆಯಲ್ಪಡುವುದು ಅದರ ಅಂಕಿಗಳ ಮೇಲೆ. ಅಂದು ಗಣತಿದಾರ ಬಾಗಿಲು ತಟ್ಟಿದಾಗ ನೆಲಮಾಳಿಗೆಯವರು ತೆರೆಯುತ್ತಾರೋ ಇಲ್ಲವೋ ಎಂಬುದರ ಮೇಲೆ ರಿಚ್ಮಂಡ್ ಹಿಲ್‌ನ ಮುಂದಿನ ಹತ್ತು ವರ್ಷಗಳ ಪ್ರಾತಿನಿಧ್ಯ ನಿಂತಿದೆ.