ಪರ-ವಿರೋಧ: ಹೆಸರು ಹಾಕಿದರೆ ಕೇಸು ಸಿಗಬೇಕೇ?

ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳ ಬಹುತೇಕ ಪ್ರಕರಣಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ವಾರಂಟ್ ಹೊರಟಿದೆಯೇ ಎಂಬುದೂ ಸಾಮಾನ್ಯವಾಗಿ ಅಲ್ಲೇ ತಿಳಿಯುತ್ತದೆ. ಈ ಸೌಲಭ್ಯ ಹೀಗೆಯೇ ಎಲ್ಲರಿಗೂ ಮುಕ್ತವಾಗಿರಬೇಕೇ?

ಪರ
(ಭದ್ರಾವತಿಯಲ್ಲಿ ವೃತ್ತಿ ನಡೆಸುತ್ತಿರುವ ವಕೀಲೆ)

ಒಬ್ಬನ ಮೇಲೆ ವಾರಂಟ್ ಇದೆ. ಫಿರ್ಯಾದಿಗೆ ಗೊತ್ತು, ಠಾಣೆಗೆ ಗೊತ್ತು, ಕಡತ ಇಟ್ಟುಕೊಂಡ ಗುಮಾಸ್ತರಿಗೆ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ. ಹೆಸರಿನ ಹುಡುಕಾಟ ಬೇಕೇ ಬೇಡವೇ ಎಂದು ಕೇಳುವವರು ಮೊದಲು ಈ ಮನುಷ್ಯನ ಪಾಡನ್ನು ಯೋಚಿಸಬೇಕು.

ಇಂಥವರು ಭದ್ರಾವತಿಯಲ್ಲಿ ಅಪರೂಪವೇನಲ್ಲ. ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಪೇಪರ್ ಟೌನಿನ ಕ್ವಾರ್ಟರ್ಸ್ ಬಿಟ್ಟು ಹೋದ ಕುಟುಂಬಗಳನ್ನು ನೆನೆಯಿರಿ. ಕೆಲವರು ಶಿವಮೊಗ್ಗಕ್ಕೆ ಹೋದರು, ಕೆಲವರು ಬೆಂಗಳೂರಿಗೆ, ಕೆಲವರು ಹೆಂಡತಿಯ ತವರಿಗೆ. ಸಾಲ ತೆಗೆಯುವಾಗ ಭದ್ರತೆಗೆಂದು ಕೊಟ್ಟಿದ್ದ ಖಾಲಿ ಚೆಕ್ಕು ಮಾತ್ರ ಸಾಲ ಕೊಟ್ಟವರ ಬೀರುವಿನಲ್ಲೇ ಉಳಿಯಿತು. ಕಂತು ತಪ್ಪಿದಾಗ ಆ ಚೆಕ್ಕು ಬ್ಯಾಂಕಿಗೆ ಹೋಗಿ ಹಣವಿಲ್ಲವೆಂದು ವಾಪಸಾಯಿತು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಖಾಸಗಿ ದೂರು ದಾಖಲಾಯಿತು. ಸಮನ್ಸ್ ಹೋದದ್ದು ಬೀಗ ಬಿದ್ದ ಹಳೆಯ ಮನೆಗೆ. ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಾರದಿದ್ದರೆ ಎನ್‌ಬಿಡಬ್ಲ್ಯು, ಅಂದರೆ ಜಾಮೀನುರಹಿತ ವಾರಂಟ್. ಅದೂ ಜಾರಿಯಾಗದಿದ್ದರೆ ಪ್ರಕರಣ ಎಲ್‌ಪಿಸಿ (ದೀರ್ಘಕಾಲ ಬಾಕಿ ಉಳಿದ ಪ್ರಕರಣಗಳ) ಪಟ್ಟಿಗೆ ಸೇರಿ ವರ್ಷಗಟ್ಟಲೆ ಮಲಗುತ್ತದೆ. ಕಡತ ಮಲಗಿದರೂ ವಾರಂಟ್ ಸಾಯುವುದಿಲ್ಲ. ಅದನ್ನು ಹೊರಡಿಸಿದ ನ್ಯಾಯಾಲಯವೇ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಚಾಲ್ತಿಯಲ್ಲಿರುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮು ಹೇಳುತ್ತಿದ್ದದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಹೇಳುವುದೂ ಇದನ್ನೇ.

ಹೀಗಿರುವಾಗ ಒಂದು ರಾತ್ರಿ ಪೊಲೀಸರು ಬಾಗಿಲು ಬಡಿಯುತ್ತಾರೆ. ಮರುದಿನ ನ್ಯಾಯಾಲಯಕ್ಕೆ ರಜೆಯಾದರೆ ಆ ಮನೆಯವರ ಸ್ಥಿತಿ ಹೇಳತೀರದು. ಅದೇ ಮನುಷ್ಯ ಮೊದಲೇ ತಿಳಿದುಕೊಂಡು ವಕೀಲರ ಜೊತೆ ತಾನಾಗಿ ಹಾಜರಾಗಿ ವಾರಂಟ್ ರೀಕಾಲ್ ಅರ್ಜಿ ಹಾಕಿದರೆ, ಚೆಕ್ ಪ್ರಕರಣಗಳಲ್ಲಿ ಹೆಚ್ಚಾಗಿ ನ್ಯಾಯಾಧೀಶರು ಒಂದಿಷ್ಟು ದಂಡ ಕಟ್ಟಿಸಿ, ಜಾಮೀನುದಾರರನ್ನು ಕೇಳಿ, ವಾರಂಟ್ ಹಿಂಪಡೆಯುತ್ತಾರೆ. ಸಂಜೆಯೊಳಗೆ ಮನೆ ಸೇರುತ್ತಾನೆ. ಠಾಣೆಯಲ್ಲಿ ರಾತ್ರಿ ಕಳೆಯುವುದೋ ಮನೆಯಲ್ಲೋ ಎಂಬುದು ಮೊದಲೇ ತಿಳಿದಿತ್ತೇ ಎಂಬುದರ ಮೇಲೆ ನಿಂತಿದೆ. ಆ ತಿಳಿವಳಿಕೆಗೆ ಇರುವ ದಾರಿ ಹೆಸರೊಂದೇ. ಪ್ರಕರಣ ಸಂಖ್ಯೆಯಿಂದ ಹುಡುಕಿ, ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿಂದ ಹುಡುಕಿ ಎನ್ನುತ್ತಾರೆ. ಕೇಸಿದೆ ಎಂದೇ ಗೊತ್ತಿಲ್ಲದವನಿಗೆ ಕೇಸಿನ ನಂಬರು ಎಲ್ಲಿಂದ ಬರಬೇಕು?

ಹುಡುಕುವುದನ್ನು ಸರಿಯಾಗಿ ಕಲಿಸುವವರೂ ಇಲ್ಲ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಇ-ಕೋರ್ಟ್ಸ್‌ನಲ್ಲಿ ಕರ್ನಾಟಕ, ಶಿವಮೊಗ್ಗ ಜಿಲ್ಲೆ ಎಂದು ಆರಿಸಿದ ಮೇಲೆ ನ್ಯಾಯಾಲಯ ಸಂಕೀರ್ಣವನ್ನು ಕೇಳುತ್ತದೆ. ಭದ್ರಾವತಿಯನ್ನು ಆರಿಸಿದರೆ ಭದ್ರಾವತಿಯ ಕೇಸುಗಳಷ್ಟೇ ಬರುತ್ತವೆ. ಸಾಲ ಕೊಟ್ಟವರ ಬ್ಯಾಂಕ್ ಶಾಖೆ ಶಿವಮೊಗ್ಗದಲ್ಲಿದ್ದರೆ ಕೇಸೂ ಶಿವಮೊಗ್ಗದಲ್ಲೇ ಇರುತ್ತದೆ. ಆದ್ದರಿಂದ ಎರಡನ್ನೂ ನೋಡಬೇಕು, ಸಂಬಂಧವಿದ್ದರೆ ಸಾಗರ, ಶಿಕಾರಿಪುರವನ್ನೂ. ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಿಸಿ ನೋಡಬೇಕು, ವರ್ಷ ಬದಲಿಸಿ ನೋಡಬೇಕು. ಪ್ರಕರಣ ಸಿಕ್ಕಿದ ಮೇಲೆ ಮುಂದಿನ ದಿನಾಂಕವನ್ನಷ್ಟೇ ನೋಡಿ ಬಿಡಬೇಡಿ. ಹಿಂದಿನ ಒಂದೊಂದು ದಿನಾಂಕವನ್ನೂ ಒತ್ತಿದರೆ ಅಂದು ಏನಾಯಿತೆಂಬ ಟಿಪ್ಪಣಿ ತೆರೆಯುತ್ತದೆ. ವಾರಂಟ್ ಹೊರಡಿಸಿದ್ದು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಠಾಣೆಯಲ್ಲಿ ದಾಖಲಾದ ಪ್ರಕರಣವಾದರೆ ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು. ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ, ಸೂಕ್ಷ್ಮ ಪ್ರಕರಣಗಳನ್ನು ಹೊರತುಪಡಿಸಿ. ಚೆಕ್ ಕೇಸು ಖಾಸಗಿ ದೂರು, ಅದಕ್ಕೆ ಎಫ್‌ಐಆರ್ ಇರುವುದಿಲ್ಲ. ಅಲ್ಲಿಗೂ ಗತಿ ಹೆಸರೇ.

ನಿವೇಶನ ಕೊಳ್ಳುವವರದೂ ಇದೇ ಕಥೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ನಿಶ್ಚಿಂತರಾಗುತ್ತಾರೆ. ಮಾರುವವನ ಮೇಲೆ ಅವನ ತಂಗಿ ಹೂಡಿದ ಪಾಲಿನ ದಾವೆ ಇ.ಸಿ.ಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನಂತೆ ದಾವೆ ನಡೆಯುತ್ತಿರುವಾಗ ಕೊಂಡವನು ಆ ದಾವೆಯ ತೀರ್ಪಿಗೆ ತಲೆಬಾಗಲೇಬೇಕು. ಮಾರುವವನ ಹೆಸರು ಹಾಕಿ ನೋಡುವ ಐದು ನಿಮಿಷದ ಕೆಲಸ ಒಬ್ಬ ನಿವೃತ್ತ ನೌಕರನ ಜೀವಮಾನದ ಗಳಿಕೆಯನ್ನು ಉಳಿಸಬಲ್ಲದು.

ಖಾಸಗಿತನದ ಮಾತು ಬಂದೇ ಬರುತ್ತದೆ. ನ್ಯಾಯಾಲಯ ತೆರೆದ ಬಾಗಿಲಿನ ಸಂಸ್ಥೆ. ಕೂಗುವವರು ಹೆಸರು ಕೂಗುವುದು ಜಗಲಿಯಲ್ಲಿರುವ ಎಲ್ಲರಿಗೂ ಕೇಳಿಸುವಂತೆಯೇ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತನ್ನು, ಮಕ್ಕಳ ಗುರುತನ್ನು ಕಾನೂನು ಆಗಲೇ ಮುಚ್ಚಿದೆ, ಮುಚ್ಚಲೇಬೇಕು. ಒಂದೇ ಹೆಸರಿನವರ ಗೊಂದಲ ಇದೆ, ಒಪ್ಪುತ್ತೇನೆ. ಪಟ್ಟಿಯಲ್ಲಿ ಕಂಡ ಹೆಸರನ್ನಷ್ಟೇ ನಂಬಿ ಯಾರನ್ನೂ ಅಳೆಯಬಾರದು, ತಂದೆಯ ಹೆಸರು, ವಿಳಾಸ ನೋಡಲೇಬೇಕು. ಎಷ್ಟೋ ಪ್ರಕರಣಗಳಲ್ಲಿ ಅವೆರಡೂ ಪರದೆಯ ಮೇಲೆ ಇರುವುದಿಲ್ಲ ಎಂಬುದೂ ನಿಜ. ಆದರೆ ಹೆಸರಿನ ಹುಡುಕಾಟ ಮುಚ್ಚಿದರೆ ಕುರುಡಾಗುವವರು ಯಾರು? ದೊಡ್ಡ ಹಣಕಾಸು ಸಂಸ್ಥೆಗೆ ವಕೀಲರಿದ್ದಾರೆ, ಅವರಿಗೆ ಗುಮಾಸ್ತರಿದ್ದಾರೆ. ಅವರಿಗೆ ಮಾಹಿತಿ ಹಿಂದೆಯೂ ಸಿಗುತ್ತಿತ್ತು, ಮುಂದೆಯೂ ಸಿಗುತ್ತದೆ. ಕತ್ತಲಲ್ಲಿ ಉಳಿಯುವವನು ಕ್ವಾರ್ಟರ್ಸ್ ಬಿಟ್ಟು ಹೋದ ನೌಕರ. ನನ್ನ ಬೇಡಿಕೆ ಇನ್ನೂ ಮುಂದಿನದು: ಇಡೀ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಜಾರಿಯಾಗದೆ ಉಳಿದ ವಾರಂಟ್‌ಗಳನ್ನು ಒಂದೇ ಕಡೆ, ಕನ್ನಡದಲ್ಲಿ, ಹೆಸರು ಹಾಕಿ ನೋಡುವಂತೆ ಮಾಡಿ.

ವಿರೋಧ
(ಶಿವಮೊಗ್ಗದಲ್ಲಿ ನೆಲೆಸಿರುವ ನಿವೃತ್ತ ನ್ಯಾಯಾಲಯ ಶಿರಸ್ತೇದಾರರು)

ಸಂಪಾದಕರು ವಿರೋಧದ ಪಕ್ಷವನ್ನು ಬರೆಯಲು ಕೇಳಿದ್ದಾರೆ. ಇ-ಕೋರ್ಟ್ಸ್ ಯೋಜನೆಗೆ ನನ್ನ ವಿರೋಧವಿಲ್ಲ. 2007ರಲ್ಲಿ ಶುರುವಾದ ಈ ಕೆಲಸಕ್ಕೆ 2023ರಲ್ಲಿ ಮೂರನೆಯ ಹಂತವಾಗಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಪಕ್ಷಗಾರರಿಗೆ ದಿನಾಂಕ ತಿಳಿಯುವುದು ಸುಲಭವಾಗಿದೆ. ನನ್ನ ತಕರಾರು ಹೆಸರಿನ ಹುಡುಕಾಟದ ಬಗ್ಗೆ ಮಾತ್ರ.

ಮೊದಲನೆಯದು ಒಂದೇ ಹೆಸರಿನವರ ಸಮಸ್ಯೆ. ಶಿವಮೊಗ್ಗ ಸಂಕೀರ್ಣದಲ್ಲಿ ಮಂಜುನಾಥ ಎಂದು ಹಾಕಿ ನೋಡಿ, ಪಟ್ಟಿ ಪುಟಗಟ್ಟಲೆ ಬರುತ್ತದೆ. ದೂರಿನಲ್ಲಿ ‘ಬಿನ್’ ಎಂದು ತಂದೆಯ ಹೆಸರು, ವಯಸ್ಸು, ಕಸುಬು, ವಾಸ ಎಲ್ಲವನ್ನೂ ಬರೆದಿರುತ್ತಾರೆ. ಕಂಪ್ಯೂಟರಿಗೆ ಏರಿಸುವಾಗ ಎಷ್ಟೋ ಸಲ ಹೆಸರಷ್ಟೇ ಉಳಿಯುತ್ತದೆ. ಕೆಲಸದ ಒತ್ತಡದಲ್ಲಿ ಹಾಗಾಗುತ್ತದೆ, ನಾನೂ ಆ ಕುರ್ಚಿಯಲ್ಲಿ ಕೂತವನೇ. ಆದರೆ ಮನೆ ಬಾಡಿಗೆಗೆ ಕೊಡುವವರಿಗೆ, ಹುಡುಗನನ್ನು ನೋಡಲು ಬಂದವರಿಗೆ ಅಷ್ಟು ಸಹನೆ ಇರುವುದಿಲ್ಲ.

ಎರಡನೆಯದು, ಆರೋಪ ಬೇರೆ, ಅಪರಾಧ ಬೇರೆ. ಖುಲಾಸೆಯಾದವನ ಹೆಸರೂ ವಿಲೇವಾರಿಯಾದ ಪ್ರಕರಣಗಳ ಪಟ್ಟಿಯಲ್ಲಿ ಉಳಿಯುತ್ತದೆ. ಫಿರ್ಯಾದಿ ಬಾರದೆ ವಜಾ ಆದ ಪ್ರಕರಣವೂ ಉಳಿಯುತ್ತದೆ. ನೋಡುವವರು ಕೊನೆಯ ಸಾಲಿನವರೆಗೆ ಓದುವುದಿಲ್ಲ.

ಮೂರನೆಯದು ಕುಟುಂಬದ ವ್ಯಾಜ್ಯ. ನಮ್ಮ ಹೈಕೋರ್ಟಿನಲ್ಲೇ 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು, ವಿವಾಹದ ವಿವಾದ ರಾಜಿಯಲ್ಲಿ ಮುಗಿದ ಮೇಲೂ ಮಗಳ ಹೆಸರು ಅಂತರ್ಜಾಲದಲ್ಲಿ ಬರುತ್ತಿದೆ ಎಂದು ತಂದೆ ಕೇಳಿಕೊಂಡಾಗ, ಸಾರ್ವಜನಿಕ ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹೈಕೋರ್ಟಿಗೆ ಹೋಗುವ ಶಕ್ತಿ ಇದ್ದ ಕುಟುಂಬಕ್ಕೆ ಪರಿಹಾರ ಸಿಕ್ಕಿತು. ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಜೀವನಾಂಶದ ಅರ್ಜಿ ಹಾಕಿ ರಾಜಿಯಾಗಿ ಹೋದರೆ ಆಕೆಯ ಪರವಾಗಿ ಯಾರು ರಿಟ್ ಹಾಕುತ್ತಾರೆ?

ಕಾಗದದ ಕಾಲದಲ್ಲಿ ಇದಕ್ಕೊಂದು ತಡೆ ಇತ್ತು. ಪ್ರಕರಣಕ್ಕೆ ಸಂಬಂಧವಿಲ್ಲದವರು ನಕಲು ಬೇಕೆಂದರೆ ಕಾರಣ ತಿಳಿಸಿ ಅರ್ಜಿ ಕೊಡಬೇಕಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಇಂಥ ನಿಯಮವನ್ನು ಎತ್ತಿಹಿಡಿದು, ನ್ಯಾಯಾಲಯದ ಕಡತದ ನಕಲಿಗೆ ಮಾಹಿತಿ ಹಕ್ಕಿನ ದಾರಿ ಬೇಡ, ನ್ಯಾಯಾಲಯದ ನಿಯಮದಂತೆಯೇ ಕೇಳಿ ಎಂದಿದೆ. ಕಡತದ ನಕಲಿಗೆ ಕಾರಣ ಹೇಳಬೇಕು, ಅದೇ ಕಡತದ ದಿನವಹಿ ಟಿಪ್ಪಣಿಗೆ ಯಾರೆಂದೂ ಹೇಳಬೇಕಿಲ್ಲ. ಇವೆರಡೂ ಒಟ್ಟಿಗೆ ನಿಲ್ಲುವುದಿಲ್ಲ.

ವಾರಂಟ್ ವಿಷಯ ಕೊನೆಯದು. ವಾರಂಟ್ ಹೊರಟಿದೆ ಎಂದು ಬಹಿರಂಗಪಡಿಸಿದರೆ ತಪ್ಪಿಸಿಕೊಳ್ಳುವವನು ಎಚ್ಚರವಾಗುತ್ತಾನೆ. ಪೊಲೀಸರ ಕೆಲಸ ಕಷ್ಟವಾಗುತ್ತದೆ. ಚೆಕ್ ಕೇಸಿನ ಆರೋಪಿಗಳ ಮಟ್ಟಿಗೆ ಈ ವಾದ ಅಷ್ಟು ಗಟ್ಟಿಯಲ್ಲ ಎಂಬುದನ್ನು ಹೇಳಲೇಬೇಕು. ಅವರಲ್ಲಿ ಬಹಳ ಮಂದಿ ಓಡಿಹೋದವರಲ್ಲ, ಸಮನ್ಸ್ ಕಾಣದವರು. ನಮ್ಮ ಬೀದಿಯ ಹಿರಿಯರೊಬ್ಬರ ಮೇಲೆ ಹಳೆಯ ವಾರಂಟ್ ಇರುವುದು ಅವರ ಮಗ ಮೊಬೈಲಿನಲ್ಲಿ ಅಪ್ಪನ ಹೆಸರು ಹಾಕಿ ನೋಡಿದ್ದರಿಂದಲೇ ತಿಳಿಯಿತು. ಅವರು ಸಲಹೆ ಕೇಳಲು ಬಂದಾಗ ತಡಮಾಡದೆ ವಕೀಲರನ್ನು ಕಂಡು ರೀಕಾಲ್ ಮಾಡಿಸಿಕೊಳ್ಳಿ ಎಂದವನು ನಾನೇ. ಹೆಸರಿನ ಹುಡುಕಾಟ ಇಲ್ಲದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ.

ಹಾಗಾಗಿ ತನ್ನ ಹೆಸರನ್ನು ತಾನು ಹುಡುಕುವುದಕ್ಕೆ ಅಡ್ಡಿ ಬೇಡ. ಮೊಬೈಲಿಗೆ ಒಟಿಪಿ ಬರಲಿ, ಯಾರು ಹುಡುಕಿದರೆಂಬ ದಾಖಲೆ ಉಳಿಯಲಿ. ಮೊಬೈಲ್ ಬಳಸಲು ಬಾರದವರಿಗೆ ಇ-ಸೇವಾ ಕೇಂದ್ರದಲ್ಲಿ ಗುರುತಿನ ಚೀಟಿ ನೋಡಿ ಹುಡುಕಿಕೊಡಲಿ. ಬೇರೆಯವರ ಹೆಸರು ಹುಡುಕುವವರು ಕಾರಣ ನಮೂದಿಸಲಿ. ನಿವೇಶನ ಕೊಳ್ಳುವುದು ಒಳ್ಳೆಯ ಕಾರಣವೇ. ಖುಲಾಸೆಯಾದ, ರಾಜಿಯಾದ ಪ್ರಕರಣಗಳನ್ನು ಇಷ್ಟು ವರ್ಷದ ನಂತರ ಹೆಸರಿನ ಪಟ್ಟಿಯಿಂದ ತೆಗೆಯಲಿ. ಎಲ್ಲಕ್ಕಿಂತ ಮೊದಲು, ತಂದೆಯ ಹೆಸರು ಮತ್ತು ಊರು ತುಂಬದೆ ಯಾವ ಪ್ರಕರಣವೂ ಕಂಪ್ಯೂಟರಿಗೆ ಏರದಂತೆ ಮಾಡಲಿ. ಇಷ್ಟನ್ನು ಸರಿಪಡಿಸಿದರೆ ನನ್ನ ಆಕ್ಷೇಪಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.